ಮುಚ್ಚಿದ ಕೋಣೆಯಲ್ಲಿ ಬೆಂಕಿ

ನಮ್ಮ ವಾಚನಾಲಯದ ಮೇಜಿನ ಮೇಲೆ ದಿನವೂ ಬೆಳಿಗ್ಗೆ ಹರಡುವ ಪತ್ರಿಕೆಗಳಲ್ಲಿ, ಚಳಿಗಾಲ ಬಂತೆಂದರೆ ಒಳಪುಟದ ಮೂಲೆಯಲ್ಲಿ ಒಂದು ಬಗೆಯ ಸಣ್ಣ ಸುದ್ದಿ ಕಾಣಿಸಿಕೊಳ್ಳುತ್ತದೆ. ಬಚ್ಚಲುಮನೆಯಲ್ಲಿ ಉಸಿರುಗಟ್ಟಿ ಸಾವು. ಕೆಂಡ ಇಟ್ಟುಕೊಂಡು ಮಲಗಿದವರು ಏಳಲಿಲ್ಲ. ತಲೆಬರಹ ಬೇರೆ ಬೇರೆ, ಸಂಗತಿ ಒಂದೇ. ಓದಿದವರು "ಅಯ್ಯೋ ಪಾಪ" ಎಂದು ಪುಟ ತಿರುಗಿಸುತ್ತಾರೆ. ಪಕ್ಕದಲ್ಲಿ ಕುಳಿತವರು "ಗ್ಯಾಸು ಸೋರಿರಬೇಕು" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಆ ಮಾತು ಅಲ್ಲಿಗೆ ಮುಗಿಯಬಾರದೆಂದೇ ಈ ಲೇಖನವನ್ನು ಬರೆಯುತ್ತಿದ್ದೇವೆ. ಇಂಥ ಸಾವುಗಳಲ್ಲಿ ಸಾಮಾನ್ಯವಾಗಿ ಗ್ಯಾಸು ಸೋರಿರುವುದೇ ಇಲ್ಲ. ಗ್ಯಾಸು ಉರಿದಿರುತ್ತದೆ, ಆದರೆ ಸಾಕಷ್ಟು ಗಾಳಿ ಸಿಗದೆ ಅರೆಬರೆಯಾಗಿ ಉರಿದಿರುತ್ತದೆ. ಕೊಲ್ಲುವುದು ಆ ಅರೆಬೆಂದ ಉರಿಯಿಂದ ಹುಟ್ಟುವ ಬೇರೊಂದು ಅನಿಲ. ಅದರ ಹೆಸರು ಕಾರ್ಬನ್ ಮೋನಾಕ್ಸೈಡ್; ನಮ್ಮ ಮಕ್ಕಳ ಕನ್ನಡ ಪಾಠದ ಪುಸ್ತಕಗಳಲ್ಲಿ ಇಂಗಾಲದ ಮಾನಾಕ್ಸೈಡ್ ಎಂದಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮೂಗಿಗೆ ಘಾಟು ಹತ್ತುವುದಿಲ್ಲ, ಕಣ್ಣು ಉರಿಯುವುದಿಲ್ಲ.

ಅಡಿಗೆಯ ಗ್ಯಾಸಿಗೂ ಸ್ವಂತ ವಾಸನೆಯಿಲ್ಲವೆಂಬುದು ಬಹಳ ಮಂದಿಗೆ ತಿಳಿಯದು. ಸೋರಿದರೆ ಗೊತ್ತಾಗಲೆಂದು ಅದಕ್ಕೆ ಬೇಕೆಂದೇ ನಾರುವ ದ್ರವ್ಯವನ್ನು ಬೆರೆಸುತ್ತಾರೆ. ಆದರೆ ಉರಿದ ಮೇಲೆ ಆ ವಾಸನೆ ಉಳಿಯುವುದಿಲ್ಲ. ಆದುದರಿಂದ "ವಾಸನೆ ಬರುತ್ತಿಲ್ಲ, ಭಯವಿಲ್ಲ" ಎಂಬ ನಂಬಿಕೆ ಇಲ್ಲಿ ನಮ್ಮನ್ನು ಕೈಬಿಡುತ್ತದೆ.

ನಡೆದದ್ದು

೨೦೨೦ರ ಜನವರಿಯಲ್ಲಿ ಬೋರಿವಲಿಯಲ್ಲಿ ೧೫ ವರ್ಷದ ವಿದ್ಯಾರ್ಥಿನಿಯೊಬ್ಬಳು ಗ್ಯಾಸ್ ಗೀಸರು ಇದ್ದ ಬಚ್ಚಲುಮನೆಯಲ್ಲಿ ಸ್ನಾನಕ್ಕೆ ಹೋಗಿ ಪ್ರಜ್ಞೆ ತಪ್ಪಿದಳು; ಕೆಲವು ದಿನಗಳ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ೨೦೨೩ರ ಹೋಳಿ ಹಬ್ಬದಂದು ಘಾಟ್ಕೋಪರಿನಲ್ಲಿ ಬಣ್ಣವಾಡಿ ಬಂದ ದಂಪತಿಗಳು ಬಚ್ಚಲುಮನೆಯಲ್ಲೇ ಮೃತರಾಗಿ ಕಂಡುಬಂದರು. ಅಲ್ಲಿಯೂ ಗ್ಯಾಸ್ ಗೀಸರಿನ ಮೇಲೆಯೇ ಶಂಕೆ ಬಂತು.

ನಮ್ಮ ನಾಡಿನ ಕಡೆಗೂ ನೋಡೋಣ. ೨೦೨೩ರ ಸೆಪ್ಟೆಂಬರಿನಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಕೋಳಿಫಾರಮೊಂದರಲ್ಲಿ, ನೇಪಾಳದಿಂದ ದುಡಿಯಲು ಬಂದಿದ್ದ ಒಂದೇ ಸಂಸಾರದ ನಾಲ್ವರು ಸತ್ತರು. ಸೊಳ್ಳೆ ಓಡಿಸಲೆಂದು ಕೋಣೆಯೊಳಗೆ ಬೆಂಕಿ ಮಾಡಿ, ಬಾಗಿಲು ಹಾಕಿಕೊಂಡು ಮಲಗಿದ್ದರು. ೨೦೨೫ರ ನವೆಂಬರಿನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಚಳಿ ತಡೆಯಲು ಇದ್ದಿಲು ಹೊತ್ತಿಸಿಕೊಂಡು ಮಲಗಿದ ಯುವಕರಲ್ಲಿ ಮೂವರು ಮರಳಿ ಏಳಲಿಲ್ಲ.

ಇವರಲ್ಲಿ ಯಾರೂ ದುಡುಕಿನ ಕೆಲಸ ಮಾಡಿದವರಲ್ಲ. ಸ್ನಾನ ಮಾಡಿದರು, ಚಳಿ ಕಾಯಿಸಿದರು, ಸೊಳ್ಳೆ ಓಡಿಸಿದರು. ನಾವೆಲ್ಲರೂ ಮಾಡುವುದೇ ಅದು. ಅವರ ಕೋಣೆಗೆ ಗಾಳಿಯ ದಾರಿಯಿರಲಿಲ್ಲ, ಅಷ್ಟೆ.

ಬೆಂಕಿಯೂ ಉಸಿರಾಡುತ್ತದೆ

ಬೆಂಕಿಗೆ ಗಾಳಿ ಬೇಕು. ಗಾಳಿಯಲ್ಲಿ ನೂರಕ್ಕೆ ೨೧ ಪಾಲು ಆಮ್ಲಜನಕವಿದೆ. ನಾವು ಬದುಕುವುದೂ ಅದರಿಂದಲೇ, ಒಲೆ ಉರಿಯುವುದೂ ಅದರಿಂದಲೇ. ಗಾಳಿ ಧಾರಾಳವಾಗಿದ್ದಾಗ ಜ್ವಾಲೆ ನೀಲಿಯಾಗಿ ಉರಿಯುತ್ತದೆ. ಆಗ ಮುಖ್ಯವಾಗಿ ಹುಟ್ಟುವುದು ನೀರಿನ ಆವಿ ಮತ್ತು ಇಂಗಾಲದ ಡೈಆಕ್ಸೈಡ್. ಗಾಳಿ ಕಡಿಮೆಯಾದಾಗ ಜ್ವಾಲೆ ಹಳದಿಗೆ ತಿರುಗುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ, ಮಾನಾಕ್ಸೈಡ್ ಹುಟ್ಟತೊಡಗುತ್ತದೆ.

ನಮ್ಮಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವವರು ಬಹಳ. ಅವರಿಗಾಗಿ ಒಂದು ಲೆಕ್ಕವನ್ನೇ ಇಡುತ್ತೇವೆ. ನಿಮಿಷಕ್ಕೆ ಆರು ಲೀಟರು ಬಿಸಿನೀರು ಕೊಡುವ ಗ್ಯಾಸ್ ಗೀಸರು, ಪೂರ್ತಿ ಉರಿದರೆ, ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಸಿಲಿಂಡರು ಗ್ಯಾಸು ತಿನ್ನುತ್ತದೆ. ಒಂದು ಕಿಲೋ ಗ್ಯಾಸು ಸರಿಯಾಗಿ ಉರಿಯಲು ಸುಮಾರು ೪೫೦ ಘನ ಅಡಿ ಗಾಳಿ ಬೇಕು. ನಮ್ಮ ಬಾಡಿಗೆ ಮನೆಗಳ ಬಚ್ಚಲು ಎಷ್ಟಿರುತ್ತದೆ? ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರ ಎಂದು ಹಿಡಿಯೋಣ. ೧೯೨ ಘನ ಅಡಿಯಾಯಿತು. ಹತ್ತು ನಿಮಿಷದಲ್ಲಿ ಗೀಸರಿಗೆ ಬೇಕಾಗುವುದು ೭೫ ಘನ ಅಡಿ. ಅಂದರೆ ಒಬ್ಬರ ಸ್ನಾನ ಮುಗಿಯುವ ಹೊತ್ತಿಗೆ ಕೋಣೆಯ ಗಾಳಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಖರ್ಚು. ಬಾಗಿಲ ಸಂದಿನಿಂದ ಒಂದಿಷ್ಟು ಜಮೆಯಾಗುತ್ತದೆ, ನಿಜ. ಆದರೆ ಖರ್ಚು ಜಮೆಯನ್ನು ಮೀರಿದಾಗ ಏನಾಗುತ್ತದೆಂಬುದನ್ನು ಗುಮಾಸ್ತರಿಗೆ ನಾವು ಹೇಳಬೇಕಾಗಿಲ್ಲ. ಅಡಿಗೆಯ ಒಲೆಯ ಒಂದು ಬರ್ನರಿಗಿಂತ ಈ ಗೀಸರು ಐದಾರು ಪಟ್ಟು ಹೆಚ್ಚು ಉರಿಯುತ್ತದೆ. ಅಡಿಗೆಮನೆಗೆ ಕಿಟಕಿ ಬೇಕೆನ್ನುವ ನಾವು ಇದನ್ನು ಗೂಡಿನಂಥ ಬಚ್ಚಲಲ್ಲಿ ತೂಗುಹಾಕುತ್ತೇವೆ.

ಇದ್ದಿಲ ಕೆಂಡದ ಮೋಸ ಇನ್ನೂ ಹೆಚ್ಚಿನದು. ಸೌದೆ ಹೊಗೆಯಾಡಿದರೆ ನಾವೇ ಹೊರಗೆ ಓಡುತ್ತೇವೆ. ಹೊಗೆಯೆಲ್ಲ ಹೋಗಿ ಕೆಂಪಗೆ ನಿಗಿನಿಗಿ ಎನ್ನುವ ಕೆಂಡವನ್ನು "ಇನ್ನು ಪರವಾಗಿಲ್ಲ" ಎಂದು ಒಳಗೆ ತರುತ್ತೇವೆ. ಆ ಕೆಂಡವೇ ಮಾನಾಕ್ಸೈಡನ್ನು ಯಥೇಚ್ಛವಾಗಿ ಬಿಡುವಂಥದು.

ರಕ್ತದಲ್ಲಿ ಜಾಗ ಹಿಡಿಯುವ ಪ್ರಯಾಣಿಕ

ಮೈಯೊಳಗೆ ಹೋದ ಮೇಲೆ ಈ ಅನಿಲ ಮಾಡುವುದೇನು? ನಮ್ಮ ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಕೆಂಪು ದ್ರವ್ಯವಿದೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹತ್ತಿಸಿಕೊಂಡು, ಮೆದುಳು, ಹೃದಯ, ಕೈಕಾಲುಗಳಲ್ಲಿ ಇಳಿಸಿ ಬರುವುದು ಅದರ ಕೆಲಸ. ಅದನ್ನು ನಮ್ಮ ಲೋಕಲ್ ಗಾಡಿಯೆಂದು ತಿಳಿಯಿರಿ. ಕಲ್ಯಾಣದಲ್ಲಿ ಹತ್ತಿದವರು ಠಾಣೆಯಲ್ಲಿ, ದಾದರಿನಲ್ಲಿ ಇಳಿದರೆ ತಾನೆ ಗಾಡಿಯಿಂದ ಪ್ರಯೋಜನ? ಮಾನಾಕ್ಸೈಡ್ ಎಂಬ ಪ್ರಯಾಣಿಕ ಆಮ್ಲಜನಕಕ್ಕಿಂತ ೨೦೦ರಿಂದ ೨೫೦ ಪಟ್ಟು ಹೆಚ್ಚು ಬಿಗಿಯಾಗಿ ಸೀಟು ಹಿಡಿಯುತ್ತಾನೆ. ಹಿಡಿದರೆ ಬೇಗ ಇಳಿಯುವುದೂ ಇಲ್ಲ. ಗಾಡಿ ಓಡುತ್ತಲೇ ಇರುತ್ತದೆ, ತುಂಬಿಯೂ ಇರುತ್ತದೆ. ಆದರೆ ಮೆದುಳಿನ ನಿಲ್ದಾಣದಲ್ಲಿ ಇಳಿಯಬೇಕಾದವರು ಯಾರೂ ಇಲ್ಲ.

ಶುದ್ಧ ಗಾಳಿಗೆ ಬಂದ ಮೇಲೂ ರಕ್ತದಲ್ಲಿರುವ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆಯಲ್ಲಿ ಅಷ್ಟು ಇಳಿಯುತ್ತದೆ. ಆಸ್ಪತ್ರೆಗೆ ಹೋಗಲೇಬೇಕೆನ್ನುವುದು ಇದಕ್ಕಾಗಿ.

ಇದನ್ನು ಕಂಡುಕೊಂಡ ಕಥೆಯೂ ಹಳೆಯದು. ಫ್ರಾನ್ಸಿನ ಕ್ಲೋದ್ ಬರ್ನಾರ್ ಎಂಬ ಶರೀರಶಾಸ್ತ್ರಜ್ಞ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲೇ ಈ ಅನಿಲ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿಯುತ್ತದೆಂದು ತೋರಿಸಿದ. ೧೮೯೦ರ ದಶಕದಲ್ಲಿ ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ತಾನೇ ಅದನ್ನು ಉಸಿರಾಡಿ ಪರಿಣಾಮಗಳನ್ನು ಬರೆದಿಟ್ಟ. ಕಲ್ಲಿದ್ದಲ ಗಣಿಗಳಿಗೆ ಪಂಜರದ ಪುಟ್ಟ ಕ್ಯಾನರಿ ಹಕ್ಕಿಯನ್ನು ಒಯ್ಯಬೇಕೆಂದು ಸೂಚಿಸಿದವನೂ ಅವನೇ. ಹಕ್ಕಿ ಮನುಷ್ಯನಿಗಿಂತ ಮೊದಲು ಸೋತು ಬೀಳುತ್ತಿತ್ತು, ಗಣಿಯವರು ಹೊರಗೆ ಬರುತ್ತಿದ್ದರು. ಅಲ್ಲಿನ ಗಣಿಗಳಲ್ಲಿ ೧೯೮೬ರ ವರೆಗೂ ಈ ಪದ್ಧತಿಯಿತ್ತು. ನಮ್ಮ ಬಚ್ಚಲಲ್ಲಿ ಹಕ್ಕಿಯಿಲ್ಲ. ಮುನ್ಸೂಚನೆ ಕೊಡಲು ನಮ್ಮ ತಲೆನೋವೊಂದೇ ಇದೆ.

ತಲೆನೋವಿನ ಮಾತು

ಆ ತಲೆನೋವನ್ನು ಕೇಳಿಸಿಕೊಳ್ಳದೆ ಹೋದವರಲ್ಲಿ ನಮ್ಮವರೂ ಇದ್ದಾರೆ. ವಾಚನಾಲಯಕ್ಕೆ ತಪ್ಪದೆ ಬರುವ ಒಬ್ಬ ಬಂಧುಗಳು, ಡೊಂಬಿವಲಿಯಲ್ಲಿ ಬಾಡಿಗೆಗಿರುವವರು, ತಮ್ಮ ಮನೆಯ ಸಂಗತಿಯನ್ನು ಹೆಸರು ಬೇಡವೆಂದು ಹೇಳಿ ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಮಳೆಗಾಲದಲ್ಲಿ ಎರಚಲು ಬರುತ್ತದೆಂದು ಬಚ್ಚಲ ಕಿಂಡಿಗೆ ಪ್ಲಾಸ್ಟಿಕ್ ಹಾಳೆ ಬಿಗಿದರು. ಅಂದಿನಿಂದ ಮನೆಯಾಕೆಗೆ ಬೆಳಗಿನ ತಲೆಸುತ್ತು, ವಾಕರಿಕೆ. ಪಿತ್ತವೆಂದು ಜೀರಿಗೆ ಕಷಾಯವಾಯಿತು, ಕನ್ನಡಕ ಬದಲಾಯಿತು. ಅವರಿಗೂ ತಲೆ ಭಾರ. ಆದರೆ ಲೋಕಲಿನಲ್ಲಿ ಬಾಗಿಲ ಬಳಿ ನಿಂತು ಠಾಣೆ ದಾಟುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಭಾನುವಾರ ಎಲ್ಲರ ಸ್ನಾನವೂ ಒಂದರ ಹಿಂದೆ ಒಂದು. ಆ ದಿನ ಎಲ್ಲರಿಗೂ ತಲೆನೋವು. ಮೂರನೆಯ ಭಾನುವಾರ ಕೊನೆಗೆ ಒಳಗೆ ಹೋದ ಮಗಳು ಕುಸಿದು ಬಿದ್ದಳು. ಹುಡುಗಿ ಅಗಳಿ ಹಾಕಿರಲಿಲ್ಲ, ಬಕೆಟ್ಟು ಉರುಳಿದ ಸದ್ದಿಗೆ ತಾಯಿ ಓಡಿದರು, ಮಗು ಉಳಿಯಿತು. ಆಸ್ಪತ್ರೆಯಲ್ಲಿ ತರುಣ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ನೀರು ಯಾವುದರಲ್ಲಿ ಕಾಯಿಸುತ್ತೀರಿ?"

"ಮೂರು ವಾರ ಅದು ಹೇಳುತ್ತಲೇ ಇತ್ತು, ನಮಗೆ ತಿಳಿಯಲಿಲ್ಲ" ಎಂದು ಅವರು ನಮ್ಮೊಡನೆ ಹೇಳಿದರು. ವಾಚಕರಿಗಾದರೂ ತಿಳಿಯಲೆಂದು ಆ ಗುರುತುಗಳನ್ನು ಇಲ್ಲಿ ಬರೆಯುತ್ತೇವೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಬಲ ಕುಗ್ಗುವುದು, ಮಂಕು ಕವಿಯುವುದು. ಜ್ವರ ಮಾತ್ರ ಇರುವುದಿಲ್ಲ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ಬಂದರೆ, ಹೊರಗೆ ಹೋದಾಗ ಇಳಿದು ಒಳಗೆ ಬಂದಾಗ ಮರಳಿದರೆ, ಒಲೆ ಅಥವಾ ಗೀಸರು ಉರಿದ ಮೇಲೆಯೇ ಬಂದರೆ, ಅದು ಪಿತ್ತವಲ್ಲ. ಇನ್ನೊಂದು ಮಾತು: ಕಾಲಿನ ಬಲ ಬೇಗನೆ ಹೋಗುತ್ತದೆ. ಅಪಾಯವೆಂದು ಮನಸ್ಸಿಗೆ ಹೊಳೆದರೂ ಎದ್ದು ಅಗಳಿ ತೆಗೆಯುವ ಶಕ್ತಿ ಉಳಿದಿರುವುದಿಲ್ಲ.

ನಮ್ಮ ಊರುಗಳಲ್ಲಿ ಇದು ಎಲ್ಲಿ ಅಡಗಿದೆ

ಠಾಣೆ, ಕಲ್ಯಾಣಗಳಲ್ಲಿ ಹಿಮಾಲಯದ ಚಳಿಯಿಲ್ಲ, ನಮಗೇನು ಭಯ ಎನ್ನಬಹುದು. ಆದರೆ ಇಲ್ಲಿ ನಾವು ಕಿಟಕಿ ಮುಚ್ಚುವುದು ಚಳಿಗಾಗಿ ಮಾತ್ರವಲ್ಲ. ಮಳೆಯ ಎರಚಲಿಗೆ, ಸೊಳ್ಳೆಗೆ, ಕಾರ್ಖಾನೆ ವಲಯದ ನಾತಕ್ಕೆ, ಪಾರಿವಾಳದ ಕಾಟಕ್ಕೆ, ಎದುರು ಮನೆಯವರ ಕಣ್ಣಿಗೆ, ಏರ್‌ಕಂಡೀಷನರಿನ ತಂಪು ಹೋಗದಿರಲಿಕ್ಕೆ ಮುಚ್ಚುತ್ತೇವೆ. ಚಾಳಿನ ಖೋಲಿಯಲ್ಲಿ ಅಡಿಗೆಯ ಮೂಲೆಯ ಮೋರಿಗೆ ಗೋಡೆ ಎಬ್ಬಿಸಿ ಬಚ್ಚಲು ಮಾಡಿರುತ್ತಾರೆ. ಅದಕ್ಕೆ ಕಿಂಡಿಯೇ ಇರುವುದಿಲ್ಲ. ಹೊಸ ಕಟ್ಟಡಗಳಲ್ಲಿ ಗೀಸರನ್ನು ಬಾಲ್ಕನಿಯಲ್ಲಿ ಇಟ್ಟು, ಆಮೇಲೆ ಆ ಬಾಲ್ಕನಿಗೇ ಗಾಜು ಹಾಕಿ ಕೋಣೆ ಮಾಡುತ್ತಾರೆ.

ಮಹಾನಗರ ಗ್ಯಾಸಿನ ಕೊಳವೆ ಬಂದ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಸಿಲಿಂಡರಿನ ಗ್ಯಾಸಿಗೂ ಕೊಳವೆಯ ಗ್ಯಾಸಿಗೂ ಬೇರೆ ಬೇರೆ ಜೆಟ್ಟು ಬೇಕು. ಸಿಲಿಂಡರಿಗೆಂದು ಮಾಡಿದ ಹಳೆಯ ಗೀಸರನ್ನು ಜೆಟ್ಟು ಬದಲಿಸದೆ ಕೊಳವೆಗೆ ಜೋಡಿಸಿದರೆ ಉರಿ ಕೆಡುತ್ತದೆ.

ಹೋಟೆಲಿನ ಹಿಂಬದಿಯಲ್ಲಿ ಮಲಗುವ ನಮ್ಮ ಹುಡುಗರು, ಕಟ್ಟಡದ ಕೆಲಸದ ತಗಡಿನ ಶೆಡ್ಡಿನಲ್ಲಿರುವವರು, ರಾತ್ರಿ ಕಾವಲಿನ ಪುಟ್ಟ ಗೂಡಿನಲ್ಲಿ ಶೇಗಡಿ ಇಟ್ಟುಕೊಳ್ಳುವ ಕಾವಲುಗಾರರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಲಂಬೋಲಿ, ತಳೋಜೆ, ನ್ಹಾವಾ ಶೇವಾ ಕಡೆ ವಾಹನದಲ್ಲೇ ಮಲಗುವ ಚಾಲಕ ಬಂಧುಗಳೂ ಗಮನಿಸಬೇಕು. ೨೦೨೪ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ವಾಹನದೊಳಗೆ ಇಬ್ಬರು ಸತ್ತಿದ್ದರು. ವಾಹನದ ಜನರೇಟರಿನ ಹೊಗೆಯಲ್ಲಿದ್ದ ಮಾನಾಕ್ಸೈಡ್ ಒಳಗೆ ಸೇರಿತ್ತೆಂದು ಕಲ್ಲಿಕೋಟೆಯ ಎನ್‌ಐಟಿ ತಜ್ಞರ ಪರೀಕ್ಷೆಯಿಂದ ತಿಳಿದುಬಂತು. ಕರೆಂಟು ಹೋದಾಗ ಅಂಗಡಿಯೊಳಗೆ, ಜಿನೆಯ ಕೆಳಗೆ ಜನರೇಟರು ಓಡಿಸುವವರಿಗೂ ಇದೇ ಪಾಠ.

ಊರಿಗೆ ಹೋದಾಗ ನೆನಪಿಡಬೇಕಾದದ್ದು ಬಾಣಂತಿಯ ಕೋಣೆ. ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವುದು ನಮ್ಮಲ್ಲಿ ಹಲವೆಡೆ ನಡೆದುಬಂದ ಪದ್ಧತಿ. ಹಿಂದೆ ಹಂಚಿನ ಮಾಡು, ಸಂದುಬಿಟ್ಟ ಮರದ ಬಾಗಿಲು ಇದ್ದುವು. ಗಾಳಿ ತಾನಾಗಿ ಆಡುತ್ತಿತ್ತು. ಈಗ ತಾರಸಿ ಮನೆ, ಬಿಗಿಯಾದ ಗಾಜಿನ ಕಿಟಕಿ. ಪದ್ಧತಿ ಹಳೆಯದೇ ಉಳಿಯಿತು, ಮನೆ ಬದಲಾಯಿತು. ಹಸುಗೂಸಿಗೆ ಈ ವಿಷ ದೊಡ್ಡವರಿಗಿಂತ ಬೇಗ ತಗಲುತ್ತದೆ. ಗರ್ಭದಲ್ಲಿರುವ ಶಿಶುವಿಗೆ ಇನ್ನೂ ಕೆಟ್ಟದು. ಅಜ್ಜಿಯರೊಡನೆ ಜಗಳ ಬೇಡ. ಬಾಣಂತಿಯನ್ನು ಬೆಚ್ಚಗಿಡಲು ಕಂಬಳಿ, ಬಿಸಿನೀರಿನ ಚೀಲ ಸಾಕು. ಕೆಂಡ ಹೊರಗಿರಲಿ ಎಂದು ವಿನಯದಿಂದ ಹೇಳೋಣ.

ಮಾಡಬೇಕಾದದ್ದು

ಗ್ಯಾಸ್ ಗೀಸರು ಬಚ್ಚಲಿನ ಹೊರಗೆ, ತೆರೆದ ಗಾಳಿಯಲ್ಲಿರಬೇಕು. ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಬೇಕು. ಇದು ಮೊದಲ ಮಾತು, ಮುಖ್ಯ ಮಾತು. ಆದರೆ ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವ ನಾವು ಮಾಲಕರ ಗೋಡೆಗೆ ತೂತು ಕೊರೆಯಲಾರೆವು ಎಂಬುದನ್ನೂ ಬಲ್ಲೆವು. ಮಾಲಕರಿಗೆ ಬರೆದು ಕೇಳೋಣ. ಅಲ್ಲಿಯವರೆಗೆ ಕಾಸು ಖರ್ಚಿಲ್ಲದ ಉಪಾಯವೊಂದಿದೆ: ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ಟು ತುಂಬಿಸಿಕೊಳ್ಳುವುದು, ಗೀಸರನ್ನು ಆರಿಸುವುದು, ಹತ್ತು ನಿಮಿಷ ಗಾಳಿಯಾಡಲು ಬಿಟ್ಟು ಆಮೇಲೆ ಒಳಗೆ ಹೋಗಿ ಸ್ನಾನ ಮಾಡುವುದು. ಒಬ್ಬರ ಹಿಂದೆ ಒಬ್ಬರು ಬಿಡುವಿಲ್ಲದೆ ಹೋಗಬಾರದು. ಮಕ್ಕಳು, ಮುದುಕರು ಅಗಳಿ ಹಾಕದಿರಲಿ.

ಹೊರಗೆಳೆಯುವ ಫ್ಯಾನು ಒಂದೇ ಇದ್ದರೆ ಸಾಲದು. ಬಾಗಿಲ ಕೆಳಗೆ ಹೊಸ ಗಾಳಿ ಬರುವ ದಾರಿಯೂ ಬೇಕು. ಕಿಂಡಿಗೆ ಕಟ್ಟಿದ ಪ್ಲಾಸ್ಟಿಕ್, ರಟ್ಟು, ಪಾರಿವಾಳದ ಗೂಡು ಇವುಗಳನ್ನು ಇಂದೇ ತೆಗೆಯಿರಿ. ಚಾವಣಿಯ ಫ್ಯಾನು ಒಳಗಿನ ಗಾಳಿಯನ್ನೇ ಕಲಕುತ್ತದೆ. ಮನೆಯ ಏರ್‌ಕಂಡೀಷನರೂ ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ಎರಡೂ ಈ ವಿಷವನ್ನು ಕಳೆಯಲಾರವು. ಜ್ವಾಲೆ ಹಳದಿಯಾದರೆ, ಮಸಿ ಹಿಡಿದರೆ, ಬಲ್ಲ ಮೇಸ್ತ್ರಿಯಿಂದ ಬರ್ನರು ಶುಚಿ ಮಾಡಿಸಿ. ವರ್ಷಕ್ಕೊಮ್ಮೆ ಹೇಗೂ ಮಾಡಿಸಿ. ಮಲಗುವ ಕೋಣೆಯಲ್ಲಿ ಕೆಂಡ, ಶೇಗಡಿ, ಸೊಳ್ಳೆಯ ಬೆಂಕಿ ಬೇಡವೇ ಬೇಡ. ಆರುತ್ತಿರುವ ಕೆಂಡವೂ ಬೇಡ.

ಕೈಯಲ್ಲಿ ಅನುಕೂಲವಿದ್ದವರು ಕಾರ್ಬನ್ ಮೋನಾಕ್ಸೈಡ್ ಪತ್ತೆಮಾಡಿ ಕೂಗುವ ಸಣ್ಣ ಯಂತ್ರವನ್ನು ಕೊಳ್ಳಬಹುದು. ಗ್ಯಾಸು ಸೋರಿಕೆಗೆ ಕೂಗುವ ಯಂತ್ರ ಬೇರೆ. ಕೊಳ್ಳುವಾಗ ಕೇಳಿ ಕೊಳ್ಳಿ.

ಯಾರಾದರೂ ಬಿದ್ದರೆ

ಒಳಗಿನಿಂದ ಉತ್ತರ ಬಾರದಿದ್ದರೆ ಕಾಯಬೇಡಿ, ಬಾಗಿಲು ಒಡೆಯಿರಿ. ಬಾಗಿಲು ಕಿಟಕಿ ತೆರೆದು, ಉರಿ ಆರಿಸಿ, ಉಸಿರು ಬಿಗಿಹಿಡಿದು ಬಿದ್ದವರನ್ನು ಬೇಗ ಹೊರಗೆ ಎಳೆದು ತನ್ನಿ. ರಕ್ಷಿಸಲು ಹೋದವರೇ ಎರಡನೆಯವರಾಗಿ ಬೀಳುವುದುಂಟು, ಒಬ್ಬರೇ ಹೋಗಬೇಡಿ. ೧೦೮ ಅಥವಾ ೧೧೨ಕ್ಕೆ ಫೋನು ಮಾಡಿ. ಉಸಿರು ನಿಂತಿದ್ದರೆ, ಬಲ್ಲವರು ಎದೆ ಒತ್ತಿ ಕೃತಕ ಉಸಿರಾಟ ಕೊಡಬೇಕು. ಈರುಳ್ಳಿ ಮೂಸಿಸುವುದು, ಮಜ್ಜಿಗೆ ಕುಡಿಸುವುದು ಬೇಡ. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.

ಆಸ್ಪತ್ರೆಯಲ್ಲಿ "ಗ್ಯಾಸ್ ಗೀಸರು ಉರಿಯುತ್ತಿತ್ತು" ಅಥವಾ "ಕೋಣೆಯಲ್ಲಿ ಕೆಂಡವಿತ್ತು" ಎಂದು ನೀವಾಗಿಯೇ ಹೇಳಿ. ಆ ಒಂದು ವಾಕ್ಯದಿಂದ ವೈದ್ಯರ ದಾರಿ ಹತ್ತಿರವಾಗುತ್ತದೆ. ಕೊರೋನಾ ಕಾಲದಲ್ಲಿ ನಾವೆಲ್ಲ ಕೊಂಡಿದ್ದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬಬಾರದು. ಮಾನಾಕ್ಸೈಡ್ ಕೂತ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ, ೯೮, ೯೯ ಎಂದು ತೋರಿಸಬಹುದು. ನಿಜ ತಿಳಿಯಲು ಬೇರೆ ರಕ್ತಪರೀಕ್ಷೆ ಬೇಕು. ಎಚ್ಚರವಾಗಿ ಮನೆಗೆ ಬಂದವರಲ್ಲಿಯೂ ಕೆಲವರಿಗೆ ದಿನಗಳು, ವಾರಗಳು ಕಳೆದ ಮೇಲೆ ಮರೆವು, ನಡಿಗೆಯಲ್ಲಿ ತೊಡಕು, ಸ್ವಭಾವದಲ್ಲಿ ಬದಲಾವಣೆ ಕಾಣಿಸುವುದುಂಟು; ಮತ್ತೆ ವೈದ್ಯರಿಗೆ ತೋರಿಸಬೇಕು.

ಕೊನೆಗೊಂದು ಬಿನ್ನಹ

ಈ ಬರಹವನ್ನು ಓದಿದವರು ಇಷ್ಟಕ್ಕೇ ಬಿಡಬಾರದು. ಈ ವಾಚನಾಲಯಕ್ಕೆ ಬರಲು ಬಿಡುವಿಲ್ಲದವರು, ಅಕ್ಷರ ಬಾರದವರು ನಮ್ಮ ಸುತ್ತ ಬಹಳ ಮಂದಿ ಇದ್ದಾರೆ. ಹೋಟೆಲಿನ ಹುಡುಗರಿಗೆ, ನಿಮ್ಮ ಕಟ್ಟಡದ ಕಾವಲುಗಾರನಿಗೆ, ಊರಿನಿಂದ ಹೊಸದಾಗಿ ಬಂದು ನಾಲ್ವರು ಸೇರಿ ಒಂದು ಖೋಲಿ ಹಿಡಿದ ತರುಣರಿಗೆ ಬಾಯಲ್ಲಾದರೂ ಹೇಳಿ. ಇಂದು ರಾತ್ರಿ ಮನೆಗೆ ಹೋದೊಡನೆ ನಿಮ್ಮ ಬಚ್ಚಲ ಕಿಂಡಿಯನ್ನು ಒಮ್ಮೆ ನೋಡಿ. ಮುಚ್ಚಿದ್ದರೆ ತೆರೆಯಿರಿ. ದೂರದ ಊರಿಗೆ ದುಡಿಯಲು ಬಂದವರು ನಾವು. ನಮ್ಮ ದಾರಿ ಕಾಯುವವರು ಊರಿನಲ್ಲಿದ್ದಾರೆ.